ಹಲ್ಲೂಮಿ ಅಥವಾ ಹೆಲ್ಲಿಂ: ಒಂದೇ ಚೀಸ್, ಎರಡು ಹೆಸರು

ಸೈಪ್ರಸ್‌ನ ಗ್ರೀಕರಿಗೆ ಇದು ಹಲ್ಲೂಮಿ, ತುರ್ಕರಿಗೆ ಹೆಲ್ಲಿಂ. 1974ರಿಂದ ದ್ವೀಪ ಇಬ್ಭಾಗವಾಗಿದೆ: ಉತ್ತರದಲ್ಲಿ ತುರ್ಕರು, ದಕ್ಷಿಣದಲ್ಲಿ ಗ್ರೀಕರು. 2004ರ ಜನಮತಗಣನೆಯಲ್ಲಿ ದ್ವೀಪ ಮತ್ತೆ ಒಂದಾಗಲು ತುರ್ಕರು ಹೂಂ ಅಂದರು, ಗ್ರೀಕರು ಒಲ್ಲೆವೆಂದರು. 2017ರಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್-ಮೊಂಟಾನಾದಲ್ಲಿ ನಡೆದ ಏಕೀಕರಣ ಮಾತುಕತೆಯೂ ಮುರಿದುಬಿತ್ತು. ಚೀಸಿನ ವಿಷಯದಲ್ಲಿ ಮಾತ್ರ ಒಂದು ಹೆಜ್ಜೆ ಮುಂದೆ: 2021ರಲ್ಲಿ ಐರೋಪ್ಯ ಒಕ್ಕೂಟ ಎರಡೂ ಹೆಸರನ್ನು ಇಡೀ ದ್ವೀಪದ ಸ್ವತ್ತೆಂದು ನೋಂದಾಯಿಸಿತು. ಆದರೂ ಉತ್ತರದ ಡೇರಿಯವರ ಮಾಲು ಎರಡು ಭಾಗಗಳ ನಡುವಿನ ‘ಹಸಿರು ಗೆರೆ’ ದಾಟಬೇಕಾದರೆ ತಪಾಸಣೆ, ಪಶು ಆರೋಗ್ಯ ನಿಯಮಗಳ ಸಾಲೇ ಇದೆ.

ಇನ್ನು ಬಾಣಲೆಗೆ. ಹೆಪ್ಪಾದ ಗಡ್ಡೆಯನ್ನು ಅದರದೇ ಹಾಲೊಡಕಿನಲ್ಲಿ ಕುದಿಸಿ, ಉಪ್ಪು-ಪುದೀನ ಸವರಿ ಮಡಚಿರುತ್ತಾರೆ. ಹಾಗಾಗಿಯೇ ಕಾವಿಗೆ ಕರಗುವುದಿಲ್ಲ. 1 ಸೆಂ.ಮೀ. ದಪ್ಪಕ್ಕೆ ಕೊಯ್ದು, ನೀರು ಚೆನ್ನಾಗಿ ಒರೆಸಿ, ಎಣ್ಣೆಯಿಲ್ಲದ ಕಾದ ಬಾಣಲೆಯಲ್ಲಿ ಪ್ರತಿ ಬದಿಗೆ 2 ನಿಮಿಷ ಬಿಡಿ. ತುಂಡುಗಳನ್ನು ಒತ್ತೊತ್ತಾಗಿ ಇಟ್ಟರೆ ನೀರು ಬಿಟ್ಟು ಬೇಯುತ್ತವೆ, ಕೆಂಪಗಾಗುವುದಿಲ್ಲ. ಆರಿದರೆ ರಬ್ಬರೇ. ಉಪ್ಪು ಜಾಸ್ತಿ ಅನಿಸಿದರೆ ಮೊದಲೇ ಅರ್ಧ ಗಂಟೆ ನೀರಲ್ಲಿ ನೆನೆಹಾಕಿ.

ಆಡು-ಕುರಿ ಹಾಲು ಹೆಚ್ಚಿದ್ದದ್ದೇ ರುಚಿ. ಬರೀ ಹಸುವಿನ ಹಾಲಿನದ್ದು ಸಪ್ಪೆ. ಹಾಲು ಹೆಪ್ಪುಗಟ್ಟಿಸುವ ರೆನೆಟ್ ಕರುವಿನ ಹೊಟ್ಟೆಯದ್ದೂ ಇರಬಹುದು, ಹಾಗಾಗಿ ಸಸ್ಯಾಹಾರಿಗಳು ಅದು ಯಾವುದೆಂದು ಚೀಟಿಯಲ್ಲಿ ನೋಡಿಯೇ ಕೊಳ್ಳಿ. ಪನೀರಿನ ಬದಲು ಸಾರಿಗೆ ಹಾಕಲು ಹೋಗಬೇಡಿ. ಕಲ್ಲಂಗಡಿ ಹೋಳಿನ ಜೊತೆ ಬಿಸಿಬಿಸಿ ತಿನ್ನಿ.