ರೇಷ್ಮೆ ಚಿಟ್ಟೆಯೋ, ಹುರುಳಿಕಾಳೋ: ಜೀವವಿಕಾಸದ ಪಾಠಕ್ಕೆ ಯಾವುದು ಮೊದಲು?

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು, ಜೀವವಿಕಾಸದ ಪಾಠವನ್ನು ಎಲ್ಲಿಂದ ಆರಂಭಿಸಿದರೆ ಮಕ್ಕಳಿಗೆ ದಕ್ಕುತ್ತದೆ ಎಂದು ತಿಳಿಯಲು ಕೆಲವು ವರ್ಷಗಳಿಂದ ಬೇರೆ ಬೇರೆ ದಾರಿಗಳನ್ನು ಹಿಡಿದು ನೋಡಿದ್ದೇನೆ. ವರ್ಷದ ಎಲ್ಲ ಪಾಠಗಳಲ್ಲಿ ನಾನು ಹೆಚ್ಚು ಆಸೆಯಿಂದ ಕಾಯುವುದು ಇದಕ್ಕೇ.

ಮೊದಲು ನೆಚ್ಚಿಕೊಂಡಿದ್ದು ಇಂಗ್ಲೆಂಡಿನ ಪತಂಗದ ಕಥೆಯನ್ನು. 1848ರಲ್ಲಿ ಮ್ಯಾಂಚೆಸ್ಟರ್ ಬಳಿ ಒಂದು ಕಪ್ಪು ಪತಂಗ ಸಿಕ್ಕಿತು. ಗಿರಣಿಗಳ ಹೊಗೆಯಿಂದ ಮರದ ಕಾಂಡಗಳು ಕಪ್ಪಾದಂತೆ, ಹಕ್ಕಿಗಳ ಕಣ್ಣಿಗೆ ಸುಲಭವಾಗಿ ಬೀಳದ ಅದರ ಸಂತತಿ ಹೆಚ್ಚಿ, 1895ರ ಹೊತ್ತಿಗೆ ಅಲ್ಲಿ ನೂರಕ್ಕೆ 98ರಷ್ಟು ಪತಂಗಗಳು ಕಪ್ಪಾಗಿದ್ದವು. ಹೊಗೆ ತಗ್ಗಿದ ಮೇಲೆ ತಿಳಿ ಬಣ್ಣದವು ಮತ್ತೆ ಹೆಚ್ಚಿದವು. ಪುರಾವೆಯಾಗಿ ಇದು ಬಹಳ ಗಟ್ಟಿ. ಆದರೆ ನಮ್ಮ ಮಕ್ಕಳು ಇಸವಿಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿದರೇ ಹೊರತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆದ್ದರಿಂದ ಮರುವರ್ಷ 'ಎ' ವಿಭಾಗದಲ್ಲಿ ರೇಷ್ಮೆಯಿಂದ ಆರಂಭಿಸಿದೆ. ಹುಳ ಮೇಯಿಸುವ ಮನೆಯವರೊಬ್ಬರು ಮಾರುಕಟ್ಟೆಗೆ ಹೊರಟಿದ್ದ ಗೂಡುಗಳಲ್ಲಿ ಏಳೆಂಟನ್ನು ಕೊಟ್ಟರು. ಗೂಡು ಮಾರಿದ ಮೇಲೆ ಒಳಗಿನ ಕೋಶ, ಅಂದರೆ ಚಿಟ್ಟೆಯಾಗುವ ಮುಂಚಿನ ಹಂತದ ಜೀವ, ಬಿಸಿನೀರಿನಲ್ಲಿ ಸಾಯುವುದರಿಂದ, ಚಿಕ್ಕಂದಿನಿಂದ ಸೊಪ್ಪು ಹಾಕಿ, ಗೂಡು ಕಟ್ಟಿಸುವ ತಟ್ಟೆಯಾದ ಚಂದ್ರಿಕೆಗೆ ಹಣ್ಣು ಹುಳ (ಗೂಡು ಕಟ್ಟುವ ಹದಕ್ಕೆ ಬಂದ ಹುಳ) ಬಿಟ್ಟು ಬೆಳೆದ ಮಕ್ಕಳಲ್ಲಿಯೂ ಹೆಚ್ಚಿನವರು ಚಿಟ್ಟೆ ಹೊರಬರುವುದನ್ನು ಕಂಡಿರಲಿಲ್ಲ. ಒಂದು ಬೆಳಿಗ್ಗೆ ಗೂಡಿನ ತುದಿ ಒದ್ದೆಯಾಗಿ, ಎಳೆಗಳು ಸಡಿಲಗೊಂಡು, ತೊಯ್ದ ಹಿಟ್ಟಿನ ಮುದ್ದೆಯಂಥ ಬಿಳಿ ಜೀವವೊಂದು ಹೊರಬಂದು ಹಳೆಯ ಪತ್ರಿಕೆಯ ಮೇಲೆ ಕುಳಿತಿತು. ರೆಕ್ಕೆ ಒಣಗಿದ ಮೇಲೆ ಅದನ್ನು ಪಟಪಟನೆ ಬಡಿಯುತ್ತ ಅಲ್ಲೇ ಸುತ್ತಿತು, ಮೇಲೇಳಲಿಲ್ಲ. "ಸಾರ್, ರೆಕ್ಕೆ ಇದ್ರೂ ಯಾಕೆ ಹಾರಲ್ಲ?" ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ನಾನು ಉತ್ತರಿಸುವ ಮೊದಲೇ ಅವಳ ಪಕ್ಕದವಳು, "ಹಾರಿಹೋದದ್ರ ಮೊಟ್ಟೆ ಸಾಕೋರಿಗೆ ಎಲ್ಲಿ ಸಿಗ್ತದೆ?" ಎಂದಳು. ಚೀನಾದ ಕಾಡುಪತಂಗವೊಂದನ್ನು ಸಾವಿರಾರು ವರ್ಷ ಸಾಕಿ, ಹೆಚ್ಚು ನೂಲು ಕೊಟ್ಟವುಗಳ ಮೊಟ್ಟೆಯನ್ನೇ ಮತ್ತೆ ಮತ್ತೆ ಉಳಿಸಿಕೊಂಡದ್ದರ ಫಲ ಈ ಹಾರದ ಚಿಟ್ಟೆ ಎಂಬುದನ್ನು ಆ ಒಂದು ಮಾತು ತೆರೆದಿಟ್ಟಿತು. ಅಂದಿನ ನನ್ನ ಸಂತೋಷವನ್ನು ಇಂದಿಗೂ ಮರೆತಿಲ್ಲ. ಮೈಸೂರು ತಳಿಯ ಹಳದಿ ಗೂಡು ನಮ್ಮ ಬಿಸಿಲನ್ನು ತಾಳುತ್ತದೆ, ದ್ವಿತಳಿಯ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಬಿಳಿ ಗೂಡು ಹೆಚ್ಚು ನೂಲು ಕೊಡುತ್ತದೆ ಎಂಬುದು ಅವರಿಗೆ ಮನೆಯಲ್ಲೇ ಗೊತ್ತಿದ್ದುದರಿಂದ, ಭಿನ್ನತೆ ಮತ್ತು ಅನುವಂಶೀಯತೆಯನ್ನು ಹೇಳಿಕೊಡುವ ಶ್ರಮವೂ ಉಳಿಯಿತು.

'ಬಿ' ವಿಭಾಗವನ್ನು ಅದೇ ವಾರ ಮೈದಾನಕ್ಕೆ ಕರೆದೊಯ್ದೆ. ಹುರುಳಿ, ಹೆಸರು, ಬಿಳಿ ಅಲಸಂದೆ ಕಾಳುಗಳನ್ನು ತಲಾ ನೂರರಂತೆ ಕೆಂಪು ಮಣ್ಣಿನ ಮೇಲೆ ಚೆಲ್ಲಿ, ಹತ್ತು ಮಕ್ಕಳನ್ನು ಹಕ್ಕಿಗಳಾಗಿಸಿ, ಅರ್ಧ ನಿಮಿಷದಲ್ಲಿ ಸಿಕ್ಕಷ್ಟನ್ನು ಒಂದೊಂದಾಗಿ ಹೆಕ್ಕಲು ಹೇಳಿದೆ. ನೆಲದಲ್ಲಿ ಉಳಿದ ಪ್ರತಿ ಕಾಳಿಗೂ ಅದೇ ಬಗೆಯ ಇನ್ನೊಂದನ್ನು ಮರಿಯೆಂದು ಸೇರಿಸಿ ಮತ್ತೆ ಆಡಿಸಿದೆ. ಮೂರನೆಯ ಸುತ್ತಿಗೆ ಅಲಸಂದೆ ಬೆರಳೆಣಿಕೆಗೆ ಇಳಿದು, ನೆಲವೆಲ್ಲ ಹುರುಳಿಯೇ ಆಗಿತ್ತು. ಹೊಂಗೆ ಮರದಾಚೆಯ ಹುಲ್ಲಿನ ಮೇಲೆ ಆಡಿದಾಗ ಹೆಸರು ಗೆದ್ದಿತು. ಗದ್ದಲ ವಿಪರೀತ, ಎಣಿಕೆಗೇ ಅರ್ಧ ಪೀರಿಯಡ್ ಹೋಗುತ್ತದೆ, ಮತ್ತು ಕೆಲವರಿಗೆ ಯಾರು ಹೆಚ್ಚು ಹೆಕ್ಕಿದರೆಂಬುದಷ್ಟೇ ನೆನಪಿರುತ್ತದೆ. ಚಿಟ್ಟೆಯ ಮುಂದೆ ಕವಿದಿದ್ದ ಮೌನ ಇಲ್ಲಿ ಇರಲಿಲ್ಲ.

ತಿಂಗಳ ನಂತರ ಎರಡೂ ವಿಭಾಗಗಳಿಗೆ ಒಂದೇ ಪ್ರಶ್ನೆ ಕೊಟ್ಟೆ: ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳು ಅಷ್ಟು ವೇಗವಾಗಿ ಓಡುವಂತಾದದ್ದು ಹೇಗೆ? ಚಿಟ್ಟೆ ಕಂಡ ಮಕ್ಕಳಲ್ಲಿ ಹಲವರು ಪ್ರಕೃತಿ ಒಳ್ಳೆಯ ಓಟಗಾರರನ್ನು ಆರಿಸಿತು ಎಂದು, ಅದೂ ಒಬ್ಬ ಯಜಮಾನನೋ ಎಂಬಂತೆ, ಬರೆದರು. ಕಾಳು ಹೆಕ್ಕಿದವರ ಉತ್ತರಗಳು ಚಿಕ್ಕವು, ಆದರೆ ಸರಿಯಾಗಿದ್ದವು: ನಿಧಾನದವು ಬೇಟೆಗೆ ಸಿಕ್ಕವು, ಉಳಿದವು ಮರಿ ಹಾಕಿದವು. ಡಾರ್ವಿನ್ ಸಹ 1859ರ ತನ್ನ ಗ್ರಂಥವನ್ನು ಸಾಕುಪ್ರಾಣಿಗಳಿಂದ, ಮುಖ್ಯವಾಗಿ ಪಾರಿವಾಳಗಳಿಂದ ಆರಂಭಿಸಿದ್ದರಿಂದ ರೇಷ್ಮೆಯ ದಾರಿ ಸಹಜವೆಂದು ನಂಬಿದ್ದೆ; ಆರಿಸುವವನು ಯಾರೂ ಇಲ್ಲದೆ ಆಯ್ಕೆ ನಡೆಯುತ್ತದೆ ಎಂಬ ತಿರುಳು ಮಾತ್ರ ಹದಿನೈದರ ವಯಸ್ಸಿನವರಿಗೆ ಕಾಳಿನಲ್ಲೇ ಬೇಗ ಸಿಗುತ್ತದೆ ಎಂಬುದು ನನ್ನ ಈಗಿನ ಅಭಿಪ್ರಾಯ.

ಹೆಬ್ಬೆರಳು, ಕಿರುಬೆರಳು ಕೂಡಿಸಿ ಮಣಿಕಟ್ಟು ಬಾಗಿಸಿದಾಗ ಉಬ್ಬುವ ನರದಂಥ ಸ್ನಾಯುರಜ್ಜು ಕೆಲವರಲ್ಲಿ ಇರುವುದೇ ಇಲ್ಲ ಎಂಬುದನ್ನೂ ತೋರಿಸಿ ನೋಡಿದ್ದೇನೆ. ಖರ್ಚಿಲ್ಲದ, ಐದು ನಿಮಿಷದ ಚಟುವಟಿಕೆ. ಆದರೆ ಇಲ್ಲದವರು ಮುಂದುವರಿದವರೇ ಎಂಬ ತಪ್ಪು ಪ್ರಶ್ನೆ ಹುಟ್ಟುವುದರಿಂದ ಅದನ್ನು ಕೊನೆಗೆ ಇಡುವುದು ಲೇಸು.

ಈಗ ಎರಡೂ ವಿಭಾಗಗಳಿಗೆ ಕಾಳು ಮೊದಲು, ಮುಂದಿನ ವಾರ ಚಿಟ್ಟೆ. ಪತ್ರಿಕೆಯ ಮೇಲೆ ಚಿಟ್ಟೆ ಇಟ್ಟ ಮೊಟ್ಟೆಗಳನ್ನು ಸೂಜಿಯ ಮೊನೆಯಿಂದ ಎಣಿಸುವ ಕೆಲಸವನ್ನೂ ಸೇರಿಸಿದ್ದೇನೆ. ಎಣಿಕೆ ನಾನೂರರ ಆಸುಪಾಸಿಗೆ ಬಂದಾಗ, ಇವೆಲ್ಲ ಬದುಕಿ ಅವೂ ಇಷ್ಟಿಷ್ಟೇ ಇಟ್ಟರೆ ನಾಲ್ಕು ತಲೆಮಾರಿಗೆ ಎಷ್ಟು ಎಕರೆ ಹಿಪ್ಪುನೇರಳೆ ಬೇಕು ಎಂಬ ಲೆಕ್ಕವನ್ನು ಮಕ್ಕಳೇ ಕಪ್ಪುಹಲಗೆಯ ಮೇಲೆ ಹಾಕತೊಡಗುತ್ತಾರೆ.