ಕ್ರೂಸ್ ಹಡಗಿನಲ್ಲಿ ತಲೆಗೆ 15 ಡಾಲರ್ ಬರ್ಗರ್: ನಾವು ಬಿದ್ದ ಹಳ್ಳಕ್ಕೆ ನೀವು ಬೀಳಬೇಡಿ

ಆರು ಜನ ಬರ್ಗರ್ ತಿನ್ನಲು ಕೂತೆವು. ಆರರಲ್ಲಿ ತಿಂದವರು ಮೂರೂವರೆ ಜನ. ಬಿಲ್ಲು 139 ಡಾಲರ್ 24 ಸೆಂಟ್. ಅದೂ ಊಟ, ತಿಂಡಿ, ಐಸ್‌ಕ್ರೀಮ್ ಎಲ್ಲಾ ಟಿಕೆಟ್ಟಿನ ದುಡ್ಡಿನಲ್ಲೇ ಸೇರಿರುವ ಹಡಗಿನಲ್ಲಿ. ಹೊರಗೆ ಹತ್ತು ಹೆಜ್ಜೆ ನಡೆದರೆ ಪುಕ್ಕಟೆ ಊಟ. ಒಳಗೆ ಕೂತು ನಾನು ಸಹಿ ಹಾಕುತ್ತಿದ್ದೆ.

ಹಡಗಿನ ಕಂಪನಿಯ ಹೆಸರು ಹೇಳಲ್ಲ. ಅವರು ಮೋಸ ಮಾಡಿದರು ಅಂತಲೂ ಹೇಳಲ್ಲ, ಬಾಗಿಲಲ್ಲಿ ಬೋರ್ಡು ಇತ್ತು, ನಾನೇ ಸರಿಯಾಗಿ ಓದಲಿಲ್ಲ. ಆದರೆ ಊರಿಂದ ಅಪ್ಪ ಅಮ್ಮ ಬಂದಾಗ ಅವರನ್ನು ಕ್ರೂಸಿಗೆ ಕರೆದುಕೊಂಡು ಹೋಗುವವರು ನಮ್ಮಲ್ಲಿ ಈಗ ಬಹಳ ಜನ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಡಲ್ಲಾಸ್ ಹತ್ತಿರ. ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದಿದ್ದರು. ಗ್ಯಾಲ್ವೆಸ್ಟನ್ ತನಕ ಕಾರಿನಲ್ಲೇ ಹೋಗಬಹುದು, ಹ್ಯೂಸ್ಟನ್ ದಾಟಿ ಐ-45 ರಸ್ತೆ ಮುಗಿಯುವಲ್ಲೇ ಸಮುದ್ರ. ಅಲ್ಲಿಂದ ಐದು ರಾತ್ರಿಯ ಕ್ರೂಸ್, ಮೆಕ್ಸಿಕೋದ ಕೊಜುಮೆಲ್ ಮತ್ತು ಕೋಸ್ಟಾ ಮಾಯಾ ನೋಡಿಕೊಂಡು ವಾಪಸ್. ವಿಮಾನದ ಖರ್ಚಿಲ್ಲ, ವಯಸ್ಸಾದವರಿಗೆ ದಿನಾ ಹೋಟೆಲ್ ಬದಲಾಯಿಸುವ ಗೋಳಿಲ್ಲ. ಒಂದು ಮಾತು, ಅಮೆರಿಕದ ನೀರು ಬಿಟ್ಟು ಹೊರಗೆ ಹೋಗಿ ಮತ್ತೆ ಒಳಗೆ ಬರುವುದರಿಂದ ಅವರ ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ಅಂತ ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ.

ಮೊದಲ ದಿನ ಹಡಗು ಹತ್ತಿದ ಕೂಡಲೇ ಶುರುವಾಯಿತು. ಲಿಫ್ಟಿನ ಪಕ್ಕ ಒಂದು ಮೇಜು, ನಗುನಗುತ್ತಾ ಇಬ್ಬರು, "ಡೈನಿಂಗ್ ಪ್ಯಾಕೇಜ್ ತಗೊಂಡಿದ್ದೀರಾ?" ಅಂತ. ಇಲ್ಲ ಅಂದು ಮುಂದೆ ಹೋದರೆ ಬಫೆಯ ಬಾಗಿಲಲ್ಲಿ ಮತ್ತೊಂದು ಮೇಜು. ಕ್ಯಾಬಿನ್ನಿನ ಟಿವಿ ಹಾಕಿದರೆ ಅದರಲ್ಲೂ ಅದೇ. ಟಿಕೆಟ್ಟಿನಲ್ಲಿ ಸೇರದೆ, ಬೇರೆ ದುಡ್ಡು ಕೊಟ್ಟು ತಿನ್ನುವ ಜಾಗ ಆರೇಳು ಇದ್ದವು, ಅವುಗಳಿಗೆ ಮೊದಲೇ ಒಟ್ಟಿಗೆ ದುಡ್ಡು ಕಟ್ಟಿಬಿಡುವುದೇ ಈ ಪ್ಯಾಕೇಜ್. ಸ್ಟೇಕ್, ಇಟಾಲಿಯನ್, ಜಪಾನೀಸ್ ಇತ್ಯಾದಿ. ಅವುಗಳ ಬಗ್ಗೆ ನನ್ನ ತಕರಾರಿಲ್ಲ, ಮದುವೆ ದಿನಕ್ಕೋ ಹುಟ್ಟುಹಬ್ಬಕ್ಕೋ ಒಮ್ಮೆ ಹೋಗುವವರು ಹೋಗಲಿ. ನನ್ನ ತಕರಾರು ಡೈನರ್ ಬಗ್ಗೆ.

ಡೈನರ್ ಅಂದರೆ ಅಮೆರಿಕದ ಹಳೇ ಕಾಲದ ತಿಂಡಿ ಅಂಗಡಿ. ಕೂತು ತಿನ್ನುವ ದರ್ಶಿನಿ ಅಂದುಕೊಳ್ಳಿ. ಕೆಂಪು ರೆಕ್ಸಿನ್ ಸೀಟು, ಅಂಚಿಗೆ ಹೊಳೆಯುವ ತಗಡು ಹೊಡೆದ ಮೇಜು, ಮೂಲೆಯಲ್ಲಿ ಹಾಡಿನ ಪೆಟ್ಟಿಗೆ. ಬರ್ಗರ್, ಫ್ರೈಸ್, ಈರುಳ್ಳಿ ರಿಂಗ್ಸ್, ಮಿಲ್ಕ್‌ಶೇಕ್, ಮುಗಿಯಿತು. ನೆಲದ ಮೇಲೆ ಇದು ಅಗ್ಗದ ಊಟ. ಹಡಗಿನ ಮೇಲೆ ಅದಕ್ಕೆ ತಲೆಗೆ ಇಷ್ಟು ಅಂತ ದುಡ್ಡು.

ಈ "ತಲೆಗೆ ಇಷ್ಟು" ಅನ್ನುವುದೇ ಇಲ್ಲಿನ ವಿಷಯ. ಏನು ತಿಂದಿರಿ ಅನ್ನುವುದು ಲೆಕ್ಕಕ್ಕಿಲ್ಲ, ಕೂತಿರಾ ಅನ್ನುವುದು ಲೆಕ್ಕ. ಎರಡು ಬರ್ಗರ್ ತಿಂದರೂ 15 ಡಾಲರ್, ಒಂದು ಫ್ರೈಸ್ ಕಡ್ಡಿ ಕಚ್ಚಿದರೂ 15 ಡಾಲರ್. ಇದು ನನಗೆ ಗೊತ್ತಾಗಿದ್ದು ಬಿಲ್ ಬಂದ ಮೇಲೆ.

ಎರಡನೇ ದಿನ ಇಡೀ ದಿನ ಸಮುದ್ರದ ಮೇಲೆ. ಅವತ್ತು ಇಳಿಯಲು ಊರಿಲ್ಲ, ಹಡಗಿನಲ್ಲಿರುವ ಸಾವಿರಾರು ಜನ ಎಲ್ಲರಿಗೂ ಹನ್ನೆರಡೂವರೆಗೆ ಸರಿಯಾಗಿ ಹಸಿವು. ಬಫೆಯಲ್ಲಿ ಜಾತ್ರೆ. ತಟ್ಟೆ ಹಿಡಿದು ಜಾಗಕ್ಕಾಗಿ ಎರಡು ಸುತ್ತು ಹೊಡೆದೆವು, ಅಮ್ಮನ ಮಂಡಿನೋವು ಬೇರೆ. ಮಗ ಹಿಂದಿನ ದಿನದಿಂದಲೇ ಡೈನರಿನ ಮುಂದೆ ನಿಂತು ನೋಡಿದ್ದ. "ಅಪ್ಪಾ, ಅಲ್ಲಿ ಖಾಲಿ ಇದೆ, ಅಲ್ಲೇ ಹೋಗೋಣ" ಅಂದ. ಖಾಲಿ ಯಾಕಿದೆ ಅಂತ ನಾನು ಯೋಚಿಸಬೇಕಿತ್ತು, ಅಲ್ವಾ?

ಕೂತೆವು. ಮೆನುವಿನಲ್ಲಿ ವೆಜಿ ಬರ್ಗರ್ ಇತ್ತು. ಸರಿ ಅಂತ ಅಪ್ಪ, ಅಮ್ಮ, ಹೆಂಡತಿ ಮೂವರಿಗೂ ಅದೇ ಹೇಳಿದೆ. ಮಗನಿಗೂ ನನಗೂ ಚಿಕನ್. ಐದು ವರ್ಷದ ಮಗಳಿಗೆ ಏನೋ ಒಂದು ಚಿಕ್ಕದು. ಅಷ್ಟರಲ್ಲಿ ಹಾಡು ಜೋರಾಯಿತು, ಆರ್ಡರ್ ತೆಗೆದುಕೊಂಡ ಹುಡುಗಿಯೂ ಸೇರಿದಂತೆ ಕೆಲಸದವರೆಲ್ಲ ಸಾಲಾಗಿ ನಿಂತು ಕುಣಿದರು. ಮಗಳಿಗೆ ಖುಷಿಯೋ ಖುಷಿ. ಅಪ್ಪ ಕೈಗಡಿಯಾರ ನೋಡಿಕೊಂಡರು. ಊಟ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು.

ತಟ್ಟೆ ಮುಂದೆ ಬಂದ ಮೇಲೆ ಅಮ್ಮ ಮೆಲ್ಲಗೆ, "ಇದನ್ನ ಬೇರೆ ಕಾವಲಿ ಮೇಲೆ ಮಾಡಿರ್ತಾರಾ, ಕೇಳು" ಅಂದರು. ಕೇಳಿದೆ. ಆ ಹುಡುಗಿ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು ನೇರವಾಗಿ ಹೇಳಿದಳು: ಕಾವಲಿ ಒಂದೇ. ಬೀಫ್ ಹಾಕುವುದೂ ಅದರ ಮೇಲೇ. ಹಾಗಾದರೆ ಫ್ರೈಸ್? ಎಣ್ಣೆಯೂ ಒಂದೇ, ಚಿಕನ್ ಕರಿಯುವುದೂ ಅದರಲ್ಲೇ. ನಿಜ ಹೇಳಿದ್ದಕ್ಕೆ ಅವಳಿಗೆ ಥ್ಯಾಂಕ್ಸ್ ಹೇಳಿದೆ. ಸುಳ್ಳು ಹೇಳಿದ್ದರೆ ನಮಗೆ ಗೊತ್ತೂ ಆಗುತ್ತಿರಲಿಲ್ಲ.

ಅಮ್ಮ ತಟ್ಟೆಯನ್ನು ಒಂದು ಬೆರಳಿನಿಂದ ಮೇಜಿನ ನಡುವಿಗೆ ತಳ್ಳಿದರು. ಅಪ್ಪನೂ ತಳ್ಳಿದರು. ಇಬ್ಬರೂ ಏನೂ ಅನ್ನಲಿಲ್ಲ, ಅದೇ ಹೆಚ್ಚು ಬೇಜಾರಾಗಿದ್ದು. ಹೆಂಡತಿ ಅಷ್ಟೆಲ್ಲ ನೋಡುವವಳಲ್ಲ, ತಿಂದಳು. "ಒಣಗಿದ ಸೋಯಾ, ಚಟ್ನಿಪುಡಿ ಇದ್ದಿದ್ರೆ ಪರವಾಗಿರಲಿಲ್ಲ" ಅಂದಳು. ನನ್ನ ಚಿಕನ್ ಬರ್ಗರ್ ಹೇಗಿತ್ತು ಅಂದರೆ, ಹೆದ್ದಾರಿ ಬದಿಯ ಯಾವ ಬರ್ಗರ್ ಅಂಗಡಿಯಲ್ಲಾದರೂ ಸಿಗುವ ಹಾಗಿತ್ತು. ಮಿಲ್ಕ್‌ಶೇಕ್ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ದಪ್ಪಗೆ, ಸ್ಟ್ರಾ ನೆಟ್ಟಗೆ ನಿಲ್ಲುವ ಹಾಗೆ. ಅಪ್ಪನೂ ಒಂದು ಪೂರ್ತಿ ಕುಡಿದರು.

ಆಮೇಲೆ ಬಿಲ್ಲು. ಆರು ತಲೆ, ತಲೆಗೆ 15, ಒಟ್ಟು 90. ಮಿಲ್ಕ್‌ಶೇಕ್ ಆ 15ರಲ್ಲಿ ಸೇರಿಲ್ಲವಂತೆ. ನಾಲ್ಕು ಶೇಕ್, ಒಂದಕ್ಕೆ 7, ಅಲ್ಲಿಗೆ 28. ಒಟ್ಟು 118. ಅದರ ಮೇಲೆ ಶೇಕಡಾ 18 ಟಿಪ್ಸ್, ಅವರೇ ಹಾಕಿಕೊಂಡಿದ್ದು, 21.24. ತಿನ್ನದ ಇಬ್ಬರ ತಲೆಯ ಮೇಲೂ ಟಿಪ್ಸ್.

ಇಲ್ಲಿ ನಾನು ಇನ್ನೊಂದು ಪೆದ್ದು ಕೆಲಸ ಮಾಡಿದೆ. ಚೀಟಿಯ ಕೆಳಗೆ ಸಹಿ ಹಾಕುವ ಜಾಗದ ಮೇಲೆ ಟಿಪ್ಸ್ ಬರೆಯಲು ಒಂದು ಖಾಲಿ ಗೆರೆ ಇತ್ತು. ಅಮೆರಿಕದಲ್ಲಿ ವರ್ಷಗಟ್ಟಲೆ ಇದ್ದ ಅಭ್ಯಾಸ, ಗೆರೆ ಕಂಡರೆ ಕೈ ತಾನಾಗೇ ಬರೆಯುತ್ತದೆ. 10 ಅಂತ ಬರೆದೆ. ಅದು ಹೆಚ್ಚುವರಿ ಟಿಪ್ಸಿನ ಗೆರೆ. ಮೇಲೆ ಸಣ್ಣಕ್ಷರದಲ್ಲಿ 18 ಶೇಕಡಾ ಆಗಲೇ ಸೇರಿತ್ತು. ಇದು ಸಾಲದು ಅಂತ, ಹಡಗಿನಲ್ಲಿ ದಿನಕ್ಕೆ ತಲೆಗೆ ಇಷ್ಟು ಅಂತ ಬೇರೆ ಟಿಪ್ಸ್ ಹೇಗೂ ನಮ್ಮ ಲೆಕ್ಕಕ್ಕೆ ಹಾಕಿರುತ್ತಾರೆ. ಕ್ಯಾಬಿನ್ ಗುಡಿಸುವವರಿಗೆ, ಊಟದ ಹಾಲಿನವರಿಗೆ ಅದು. ಆ 10 ಡಾಲರ್ ಬಗ್ಗೆ ನನಗೆ ಬೇಸರವಿಲ್ಲ, ನಿಜ ಹೇಳಿದ ಹುಡುಗಿಗೆ ಹೋಗಿದ್ದರೆ ಸಾಕು.

ಹಡಗಿನಲ್ಲಿ ಕೈಯಿಂದ ನೋಟು ಹೋಗುವುದಿಲ್ಲ ನೋಡಿ. ಕ್ಯಾಬಿನ್ ಬೀಗದ ಕಾರ್ಡೇ ದುಡ್ಡಿನ ಕಾರ್ಡು. ಅದನ್ನು ತೋರಿಸಿದರೆ ಮುಗಿಯಿತು, ಕೊನೆಯಲ್ಲಿ ಎಲ್ಲ ಸೇರಿ ಕ್ರೆಡಿಟ್ ಕಾರ್ಡಿಗೆ ಬಡಿಯುತ್ತದೆ. ನೋಟು ಎಣಿಸಿ ಕೊಡಬೇಕಿದ್ದರೆ ನಾನು ಬಾಗಿಲಲ್ಲೇ ಬೋರ್ಡು ಓದುತ್ತಿದ್ದೆ.

ಕ್ಯಾಬಿನ್ನಿಗೆ ಬಂದು ಅಮ್ಮ ಕೋಡುಬಳೆ ಪ್ಯಾಕೆಟ್ ಒಡೆದರು. ಅಪ್ಪ ನನ್ನ ಕೈಯಿಂದ ಚೀಟಿ ಇಸಕೊಂಡು ಕನ್ನಡಕ ಹಾಕಿ ಓದಿ, ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ, "ಹನ್ನೆರಡು ಸಾವಿರದ ಹತ್ರ ಆಯ್ತಲ್ಲೋ" ಅಂದರು. ನಿಮ್ಮ ಹತ್ತಿರವೂ ಇಂಥ ಪ್ಯಾಕೆಟ್ ಇರಲಿ. ಸೀಲ್ ಒಡೆಯದ ಅಂಗಡಿ ಪ್ಯಾಕೆಟ್ಟಾದರೆ ಹತ್ತುವಾಗ ನಮಗೇನೂ ತೊಂದರೆ ಆಗಲಿಲ್ಲ, ಮನೆಯಲ್ಲಿ ಮಾಡಿದ ಅಡುಗೆ ತರಬೇಡಿ ಅಂತ ಮೊದಲೇ ಹೇಳಿದ್ದರು.

ನಿಜವಾದ ಹೊಟ್ಟೆಯುರಿ ಅವತ್ತು ರಾತ್ರಿಯದು. ದೊಡ್ಡ ಊಟದ ಹಾಲಿಗೆ ಹೋದೆವು. ಅದು ಟಿಕೆಟ್ಟಿನಲ್ಲೇ ಸೇರಿದ್ದು, ಬಿಳಿ ಬಟ್ಟೆ ಹಾಸಿದ ಮೇಜು, ಬಡಿಸುವವರು, ಎಷ್ಟು ಸಲ ಬೇಕಾದರೂ ಕೇಳಬಹುದು. ನಮ್ಮ ಮೇಜಿಗೆ ಬಂದವರು ಅಮ್ಮನ ಮಾತು ಕಿವಿಗೆ ಬಿದ್ದ ಕೂಡಲೇ ನಿಂತರು. "ಕನ್ನಡದವರಾ?" ಅಂದರು. ಮಂಗಳೂರು ಕಡೆಯವರು. ಹಡಗುಗಳಲ್ಲಿ ಮಂಗಳೂರು, ಗೋವಾ ಕಡೆಯವರು ಸಿಗುವುದು ಹೊಸದಲ್ಲ, ಆದರೂ ಮೆಕ್ಸಿಕೋ ಕೊಲ್ಲಿಯ ನಡುವೆ ಕನ್ನಡ ಕೇಳಿದಾಗ ಅಮ್ಮನ ಮುಖ ನೋಡಬೇಕಿತ್ತು. ಮಧ್ಯಾಹ್ನದ ಕಥೆ ಹೇಳಿದೆವು.

"ಎಂತ ಸರ್, ನಮ್ಮಲ್ಲಿಗೆ ಬರ್ಬಾರ್ದಾ?" ಅಂದರು. "ಸಮುದ್ರದ ಮೇಲಿರುವ ದಿನ ಮಧ್ಯಾಹ್ನವೂ ಈ ಹಾಲ್ ತೆರೆದೇ ಇರ್ತದೆ. ಅರ್ಧಕ್ಕರ್ಧ ಖಾಲಿ."

ನನಗೆ ಗೊತ್ತೇ ಇರಲಿಲ್ಲ. ಇದು ರಾತ್ರಿ ಊಟದ ಜಾಗ ಅಂತ ಮಾತ್ರ ಅಂದುಕೊಂಡಿದ್ದೆ. ಬಫೆಯ ಜಾತ್ರೆಗೆ ಹೆದರಿ 139 ಡಾಲರ್ ಕೊಟ್ಟೆನಲ್ಲ, ಅದೇ ಹೊತ್ತಿಗೆ ಎರಡು ಮಹಡಿ ಕೆಳಗೆ ಮೇಜು ಖಾಲಿ ಇತ್ತು.

ಅವರು ಇನ್ನೊಂದು ವಿಷಯ ಹೇಳಿದರು. ಹಿಂದಿನ ದಿನವೇ ಹೆಡ್ ವೇಟರಿಗೆ ಹೇಳಿಟ್ಟರೆ ಮರುದಿನಕ್ಕೆ ಸಸ್ಯಾಹಾರಿ ಅಡುಗೆ ಬೇರೆ ಪಾತ್ರೆಯಲ್ಲಿ ಮಾಡಿಸಿಕೊಡುತ್ತಾರೆ. ಪೈಸೆ ಜಾಸ್ತಿ ಇಲ್ಲ. ಮರುದಿನ ರಾತ್ರಿ ದಾಲ್, ಅನ್ನ, ಆಲೂ ಗೋಬಿ, ಬಿಸಿ ರೋಟಿ ಬಂತು. ಖಾರ ಸ್ವಲ್ಪ ಕಡಿಮೆ, ಅಮ್ಮನ ಚೀಲದಲ್ಲಿ ಉಪ್ಪಿನಕಾಯಿ ಸ್ಯಾಚೆಟ್ ಇತ್ತು. ಅಪ್ಪ ಎರಡು ಸಲ ಅನ್ನ ಹಾಕಿಸಿಕೊಂಡರು. ಕೊನೇ ದಿನದ ತನಕ ಹಾಗೇ ನಡೆಯಿತು.

ಹಾಗಾದರೆ ಡೈನರಿಗೆ ಯಾರೂ ಹೋಗಲೇಬಾರದಾ? ಹಾಗೇನಿಲ್ಲ. ನಿಮ್ಮ ಜೊತೆ ಹದಿನಾರು ಹದಿನೇಳರ ಹುಡುಗರಿದ್ದು, ಮಾಂಸ ತಿನ್ನುವವರಾಗಿದ್ದು, ಕೂತರೆ ಮೂರು ಬರ್ಗರ್ ಇಳಿಸುವವರಾದರೆ ಅವರನ್ನು ಮಾತ್ರ ಕಳಿಸಿ. 15 ಡಾಲರ್ ವಸೂಲಾಗುತ್ತದೆ. ಇಡೀ ಕುಟುಂಬ ಸುಮ್ನೆ ಜೊತೆಗೆ ಕೂರಬೇಡಿ, ಕೂತವರೆಲ್ಲ ತಲೆಲೆಕ್ಕ. ಶೇಕ್ ಮಾತ್ರ ಬೇಕಿದ್ದರೆ ಕೌಂಟರಿನಲ್ಲಿ ಕಟ್ಟಿಸಿಕೊಡುತ್ತಾರಾ ಕೇಳಿ, ನಮ್ಮ ಹಡಗಿನಲ್ಲಿ ಕೊಡುತ್ತಿದ್ದರು, ತಲೆದುಡ್ಡು ಇಲ್ಲದೆ. ಇದೂ ಆಮೇಲೆ ಗೊತ್ತಾಗಿದ್ದು.

ಎಲ್ಲ ಕಂಪನಿಯೂ ಬರ್ಗರಿಗೆ ದುಡ್ಡು ಕೇಳುತ್ತದೆ ಅಂತಲೂ ಅಲ್ಲ. ಕಾರ್ನಿವಲ್ ಕಂಪನಿಯ ಬಹಳಷ್ಟು ಹಡಗುಗಳಲ್ಲಿ ಈಜುಕೊಳದ ಪಕ್ಕ ಗೈಸ್ ಬರ್ಗರ್ ಜಾಯಿಂಟ್ ಅಂತ ಇದೆ, ಅದು ಟಿಕೆಟ್ಟಿನಲ್ಲೇ ಸೇರಿದ್ದು. ಆ ಹಡಗುಗಳೂ ಗ್ಯಾಲ್ವೆಸ್ಟನ್‌ನಿಂದ ಹೊರಡುತ್ತವೆ. ಹಾಗಾಗಿ ಮಕ್ಕಳಿಗೆ ಬರ್ಗರ್ ಹುಚ್ಚಿದ್ದರೆ ಬುಕ್ ಮಾಡುವಾಗಲೇ ಯಾವ ಊಟ ಸೇರಿದೆ, ಯಾವುದು ಸೇರಿಲ್ಲ ಅಂತ ಪಟ್ಟಿ ನೋಡಿ. ನಮ್ಮ ಹಡಗಿನಲ್ಲೂ ಬಫೆಯ ಒಂದು ಮೂಲೆಯಲ್ಲಿ ಬರ್ಗರ್ ಇತ್ತು, ಮರುದಿನ ಮಗ ಅಲ್ಲಿ ಎರಡು ತಿಂದ. ನಿನ್ನೆಯದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಿದೆ. "ಇಲ್ಲಿ ಡ್ಯಾನ್ಸ್ ಇಲ್ಲ" ಅಂದ.

ಪ್ಯಾಕೇಜ್ ಬೇಕೇ ಬೇಕು ಅನ್ನುವವರು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಬೆಲೆ ನೋಡಿ. ನಮಗೆ ಹಡಗಿನ ಒಳಗಿನ ಬೆಲೆಗಿಂತ ಮೊದಲು ತೋರಿಸಿದ್ದ ಬೆಲೆ ಕಡಿಮೆಯಿತ್ತು. ಆದರೆ ಕಡಿಮೆ ಅಂತ ತೆಗೆದುಕೊಂಡರೆ, ದುಡ್ಡು ಕೊಟ್ಟಾಗಿದೆಯಲ್ಲ ಅಂತ ದಿನಾ ಅಲ್ಲಿಗೇ ಹೋಗಿ ಕೂರುವ ಕಷ್ಟ ಇದೆ. ಸಸ್ಯಾಹಾರಿಗಳಿಗಂತೂ ಬೇಡವೇ ಬೇಡ.

ಕೊನೆಯ ರಾತ್ರಿ ಲೆಕ್ಕ ನೋಡುವುದನ್ನು ಮಾತ್ರ ಮರೆಯಬೇಡಿ. ನಾನು ಟಿವಿಯಲ್ಲಿ ನಮ್ಮ ಖಾತೆ ತೆರೆದು ಒಂದೊಂದೇ ಸಾಲು ಓದಿದೆ. ಡೈನರಿನ ಸಾಲು ಬಂದಾಗ ಹೆಂಡತಿ, "ಆರು ವರ್ಷದ ಒಳಗಿನ ಮಕ್ಕಳಿಗೆ ದುಡ್ಡಿಲ್ಲ ಅಂತ ಬೋರ್ಡಿನಲ್ಲಿ ಇತ್ತಲ್ಲ?" ಅಂದಳು. ಅವಳು ಓದಿದ್ದಳು! ಹಾಗಾದರೆ ತಲೆಗೆ 15 ಅನ್ನುವುದನ್ನೂ ಓದಿರಬೇಕಲ್ಲ ಅಂದಿದ್ದಕ್ಕೆ, "ನಿಮಗೆ ಗೊತ್ತಿದೆ ಅಂದ್ಕೊಂಡೆ" ಅಂದಳು. ಆ ಜಗಳ ಇಲ್ಲಿ ಬೇಡ.

ಕೆಳಗೆ ಗೆಸ್ಟ್ ಸರ್ವಿಸ್ ಕೌಂಟರಿಗೆ ಹೋದೆ. ರಾತ್ರಿ ಹನ್ನೊಂದು, ಉದ್ದ ಸಾಲು, ಎಲ್ಲರ ಕೈಯಲ್ಲೂ ಚೀಟಿ. ನಲವತ್ತು ನಿಮಿಷ ನಿಂತೆ. ಅಪ್ಪ ಅಮ್ಮ ತಿನ್ನಲಿಲ್ಲ ಅಂದಿದ್ದಕ್ಕೆ, ಆರ್ಡರ್ ಮಾಡಿ ಕೂತಿದ್ದಾರೆ, ಆಗುವುದಿಲ್ಲ ಅಂದರು. ಮಗಳ ವಯಸ್ಸು ನೋಡಿ ಅವಳ 15, ಅದರ ಮೇಲಿನ ಟಿಪ್ಸ್, ಒಟ್ಟು 17.70 ವಾಪಸ್ ಹಾಕಿದರು. ವಾಪಸ್ ಬಂದು ನೋಡಿದರೆ ಅಮ್ಮ ಬ್ಯಾಗ್ ಕಟ್ಟುತ್ತಾ, ಮಂಗಳೂರಿನ ಆ ಹುಡುಗನಿಗೆ ಕೊಡಲು ಅಂತ ಉಳಿದಿದ್ದ ಒಂದು ಕೋಡುಬಳೆ ಪ್ಯಾಕೆಟ್ ಬೇರೆ ತೆಗೆದಿಟ್ಟಿದ್ದರು.