ಬಾವಲಿ ಪುಸ್ತಕಗಳು: ಮಕ್ಕಳಿಗೆ ಯಾವುದು, ದೊಡ್ಡವರಿಗೆ ಯಾವುದು

ಒಂದೇ ಒಂದು ತಗೋಳೋದಾದ್ರೆ ನಿಕೋಲಾ ಡೇವಿಸ್ ಬರೆದಿರೋ 'ಬ್ಯಾಟ್ ಲವ್ಸ್ ದ ನೈಟ್' ತಗೊಳ್ಳಿ, ಉಳಿದಿದ್ದು ಆಮೇಲೆ ನೋಡ್ಕೋಬೋದು. ಮಕ್ಕಳ ಪುಸ್ತಕ ಅಂತ ಹೆಸರಿಗೆ, ನಮ್ಮನೇಲಿ ಇದನ್ನ ದೊಡ್ಡವರೇ ಕೈಗೆತ್ತಿಕೊಂಡು ಕೂತಿರ್ತಾರೆ.

ಕೊಡಗಲ್ಲಿ ತೋಟದ ಮನೇಲಿ ಇರೋರಿಗೆ ಬಾವಲಿ ಏನು ಹೊಸದಲ್ಲ. ಹಂಚಿನ ಸಂದೀಲಿ ಚಿಕ್ಕವು, ಅತ್ತಿ ಮರ ಹಣ್ಣಾದಾಗ ದೊಡ್ಡವು, ಕಾಫಿ ಹಣ್ಣಾಗೋ ಟೈಮಲ್ಲಿ ಗಿಡದ ಬುಡ ನೋಡಿದ್ರೆ ಸಿಪ್ಪೆ ರಸ ಎಲ್ಲಾ ಹೋಗಿ ಬರೀ ಬೀಜ ಬಿದ್ದಿರುತ್ತೆ, ಆಳುಗಳು ಅದನ್ನ ಬೇರೆಯಾಗೇ ಹೆಕ್ಕಿ ತರ್ತಾರೆ. ಇಷ್ಟು ಹತ್ರ ಇದ್ರೂ ಮಕ್ಕಳಿಗೆ ನಾವು ಹೇಳಿಕೊಟ್ಟಿರೋದು ಏನು ಅಂದ್ರೆ ಅದಕ್ಕೆ ಕಣ್ಣು ಕಾಣಲ್ಲ, ಕೂದ್ಲಿಗೆ ಸಿಕ್ಕಾಕೊಳ್ಳುತ್ತೆ, ಮನೆ ಒಳಗೆ ಬಂದ್ರೆ ಒಳ್ಳೇದಲ್ಲ. 2018ರಲ್ಲಿ ಕೋಯಿಕ್ಕೋಡ್ ಕಡೆ ನಿಪಾ ಬಂದ್ಮೇಲೆ ಇದರ ಜೊತೆಗೆ ಕಾಯಿಲೆ ಭಯಾನೂ ಸೇರ್ಕೊಂತು. ನಮ್ಮ ಗಡಿ ಊರು ಕುಟ್ಟ ದಾಟಿದ್ರೆ ಕೇರಳದ ವಯನಾಡು, ಭಯ ಪಡೋದ್ರಲ್ಲಿ ತಪ್ಪೇನಿಲ್ಲ, ಆದ್ರೆ ಬಾವಲಿ ಕೂರೋ ಮರಾನೇ ಕಡಿಸಿಬಿಡಿ ಅನ್ನೋ ಮಾತು ಕೇಳಿದಾಗ ನಂಗೆ ಹೊಟ್ಟೆ ಉರಿಯುತ್ತೆ. ಹಾಗಾಗಿ ನಾನು ಪುಸ್ತಕ ನೋಡೋದೇ ಈ ಲೆಕ್ಕದಲ್ಲಿ: ಸುಳ್ಳು ಹೇಳದೇ ಈ ಭಯಾನ ಎಷ್ಟು ಕಮ್ಮಿ ಮಾಡುತ್ತೆ, ಓದಿದ ಮಗು ಸಂಜೆ ಹೊರಗೆ ಬಂದು ತಲೆ ಎತ್ತಿ ನೋಡುತ್ತಾ ಇಲ್ವಾ.

'ಬ್ಯಾಟ್ ಲವ್ಸ್ ದ ನೈಟ್' 2001ರದ್ದು, ಚಿತ್ರಗಳು ಸಾರಾ ಫಾಕ್ಸ್-ಡೇವಿಸ್ ಅವರದ್ದು. ಕಥೆ ಅಂದ್ರೆ ಪಿಪಿಸ್ಟ್ರೆಲ್ ಅನ್ನೋ ಜಾತಿಯ ಒಂದು ಪುಟ್ಟ ಬಾವಲಿಯ ಒಂದು ರಾತ್ರಿ ಅಷ್ಟೇ. ಎದ್ದೇಳ್ತಾಳೆ, ಹಾರ್ತಾಳೆ, ಬೇಟೆ ಆಡ್ತಾಳೆ, ಬೆಳಗಾಗೋ ಹೊತ್ತಿಗೆ ವಾಪಸ್ ಮರಿ ಹತ್ರ. ಕಥೆ ದೊಡ್ಡ ಅಕ್ಷರದಲ್ಲಿ ಓಡ್ತಿರುತ್ತೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ನಿಜ ಸಂಗತಿಗಳು, ಚಿಕ್ಕವರಿಗೆ ಓದಿ ಹೇಳೋವಾಗ ದೊಡ್ಡದನ್ನ ಮಾತ್ರ ಓದ್ಕೊಂಡು ಹೋಗ್ಬೋದು, ಸ್ವಲ್ಪ ದೊಡ್ಡ ಮಕ್ಕಳು ತಾವೇ ಸಣ್ಣದಕ್ಕೆ ಬರ್ತಾರೆ. ಕೂಗಿ, ಆ ಕೂಗಿನ ಪ್ರತಿಧ್ವನಿ ಕೇಳಿ ಕತ್ತಲಲ್ಲಿ ದಾರಿ ಕಂಡ್ಕೊಳ್ಳೋದು ಹೇಗೆ ಅನ್ನೋದನ್ನ ಇಷ್ಟು ಸಲೀಸಾಗಿ ವಿವರಿಸಿದ್ದು ನಾನು ಬೇರೆಲ್ಲೂ ಓದಿಲ್ಲ. ಪತಂಗ ಹಿಡಿಯೋ ಪುಟ ಅಂತೂ ನೋಡ್ಲೇಬೇಕು. ಮೊದಲ ಸಲ ಬಾಯಿಗೆ ಸಿಕ್ಕಿದ್ದು ರೆಕ್ಕೆ ಮೇಲಿನ ಪುಡಿಯಿಂದ ಜಾರಿ ಹೋಗುತ್ತೆ, ಇವಳು ಕೆಳಗೆ ಧುಮುಕಿ ರೆಕ್ಕೆ ತುದೀಲಿ ಬಾಚಿಕೊಂಡು ಬಾಯಿಗೆ ಹಾಕ್ಕೊಳ್ತಾಳೆ. ನಮ್ಮ ಹುಡುಗಿ ಇದನ್ನ ಓದಿಸ್ಕೊಂಡವಳು ಮಾರನೇ ದಿನ ಬೆಳಿಗ್ಗೆ ಹಿಂದಿನ ಜಗಲೀಲಿ ಬಗ್ಗಿ ನೋಡ್ತಾ ಇದ್ಲು, ಅಲ್ಲಿ ನೆಲದ ಮೇಲೆ ಕಂದು ಬಣ್ಣದ ಪತಂಗದ ರೆಕ್ಕೆ ನಾಲ್ಕು ಬಿದ್ದಿತ್ತು, ಮೈ ಇಲ್ಲ, ರೆಕ್ಕೆ ಮಾತ್ರ. "ಅಜ್ಜಿ, ಇದು ಅದೇ ಕಣಜ್ಜಿ, ಬಾವಲಿ ತಿಂದು ಬಿಟ್ಟಿರೋದು" ಅಂತ ಕೂಗಿದ್ಲು. ದಿನಾ ಅದನ್ನ ಗುಡಿಸಿ ಹಾಕೋ ಅತ್ತೆ ಅವತ್ತು ಪೊರಕೆ ಕೆಳಗಿಟ್ಟು ಅವಳ ಜೊತೆ ಕೂತು ನೋಡಿದ್ರು. ಪುಸ್ತಕಕ್ಕೆ ಕೊಟ್ಟ ದುಡ್ಡು ನಂಗೆ ಅಲ್ಲೇ ವಸೂಲಾಯ್ತು.

'ಸ್ಟೆಲ್ಲಲೂನಾ' ಎಲ್ಲರೂ ಹೇಳೋ ಪುಸ್ತಕ, ಜಾನೆಲ್ ಕ್ಯಾನನ್ ಅವರೇ ಬರೆದು ಚಿತ್ರ ಬಿಡಿಸಿರೋದು, 1993. ಗೂಬೆ ದಾಳಿ ಮಾಡಿದಾಗ ತಾಯಿಯಿಂದ ಬಿದ್ದು ಹಕ್ಕಿ ಗೂಡು ಸೇರೋ ಹಣ್ಣು ತಿನ್ನೋ ಬಾವಲಿ ಮರಿ, ಅಲ್ಲಿ ಮೂರು ಹಕ್ಕಿ ಮರಿಗಳ ಜೊತೆ ಹುಳ ತಿಂದ್ಕೊಂಡು, ತಲೆಕೆಳಗಾಗಿ ನೇತಾಡಬಾರದು ಅಂತ ಬೈಸ್ಕೊಂಡು ಬೆಳೆಯುತ್ತೆ. ಕಣ್ಣಲ್ಲಿ ನೀರು ಬರೋ ಕಥೆ. ಇದರಲ್ಲಿ ಒಂದು ವಿಷಯ ತುಂಬಾ ಜನ ಗಮನಿಸಲ್ಲ, ಬರಹ ಇರೋ ಪುಟಗಳ ಮೇಲ್ಗಡೆ ಸಣ್ಣ ಸಣ್ಣ ಕಪ್ಪು ರೇಖಾಚಿತ್ರ ಇದೆ, ಅದನ್ನಷ್ಟೇ ನೋಡ್ಕೊಂಡು ಹೋದ್ರೆ ಆ ಕಡೆ ತಾಯಿ ಮರೀನ ಹುಡುಕ್ತಾ ಇರೋ ಕಥೆ ಬೇರೆಯಾಗೇ ನಡೀತಿರುತ್ತೆ. ಮಕ್ಕಳಿಗೆ ಮೊದಲೇ ಹೇಳ್ಬೇಡಿ, ಅವರೇ ಕಂಡುಹಿಡೀಲಿ. ಕೊನೇಲಿ ಬಾವಲಿ ಬಗ್ಗೆ ಟಿಪ್ಪಣಿನೂ ಇದೆ. ಕತ್ತಲಲ್ಲಿ ಹಾರೋಕೆ ಹೋಗಿ ದಾರಿ ಕಾಣದ ಹಕ್ಕಿಗಳನ್ನ ಬಾವಲಿ ಮರಿ ಕಾಪಾಡೋ ಜಾಗ ಇದ್ಯಲ್ಲ, ಬಾವಲಿಗೆ ಕಣ್ಣಿಲ್ಲ ಅನ್ನೋ ಮಾತಿಗೆ ಅದೇ ಉತ್ತರ. ಹಣ್ಣು ತಿನ್ನೋ ದೊಡ್ಡ ಬಾವಲಿಗಳು ಕಣ್ಣು ಮೂಗು ನಂಬ್ಕೊಂಡೇ ಓಡಾಡೋದು. ಆದ್ರೂ ನಂಗೆ ಇದು ಎರಡನೇ ಪುಸ್ತಕಾನೇ, ಯಾಕಂದ್ರೆ ಮಗುಗೆ ಇಷ್ಟ ಆಗೋದು ಸ್ಟೆಲ್ಲಲೂನಾ, ಅತ್ತಿ ಮರದಲ್ಲಿರೋ ಬಾವಲಿ ಅಲ್ಲ. ಮೊದಲನೇದು ಮಾಡೋ ಕೆಲಸ ಇದು ಪೂರ್ತಿ ಮಾಡಲ್ಲ.

ದೊಡ್ಡವರಿಗೆ ಮರ್ಲಿನ್ ಟಟ್ಲ್ ಅವರ 'ದ ಸೀಕ್ರೆಟ್ ಲೈವ್ಸ್ ಆಫ್ ಬ್ಯಾಟ್ಸ್', 2015. ಇವರು 1982ರಲ್ಲಿ ಬ್ಯಾಟ್ ಕನ್ಸರ್ವೇಶನ್ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆ ಕಟ್ಟಿದವರು. ಹುಡುಗ ಆಗಿದ್ದಾಗ ಅಮೆರಿಕದ ಟೆನೆಸ್ಸೀಲಿ ಮನೆ ಹತ್ರದ ಗುಹೇಲಿ ಬೂದು ಬಾವಲಿಗಳನ್ನ ನೋಡಿ, ಇವು ವಲಸೆ ಹೋಗಲ್ಲ ಅಂತ ಪುಸ್ತಕದಲ್ಲಿ ಬರೆದಿರೋದು ತಪ್ಪು ಅಂತ ತಾನೇ ನೋಟ್ಸ್ ಮಾಡ್ಕೊಂಡು ಸ್ಮಿತ್ಸೋನಿಯನ್ ಮ್ಯೂಸಿಯಂ ವಿಜ್ಞಾನಿಗಳ ತನಕ ಹೋದವರು. ಹೈಸ್ಕೂಲ್ ಮಕ್ಕಳಿಗೆ ಓದಿಸ್ಬೇಕಾದ ಭಾಗ ಅದು. ಆಮೇಲೆ ಪನಾಮಾದಲ್ಲಿ ಕಪ್ಪೆ ತಿನ್ನೋ ಬಾವಲಿ, ಗಂಡು ಕಪ್ಪೆ ಹೆಣ್ಣನ್ನ ಕರೆಯೋ ಸದ್ದು ಕೇಳ್ಕೊಂಡೇ ಬಂದು ಎತ್ಕೊಂಡು ಹೋಗುತ್ತೆ. ಮಳೆಗಾಲದಲ್ಲಿ ನಮ್ಮ ಗದ್ದೆ ಬದಿಯ ವಟವಟ ಕೇಳ್ತಾ ಓದಿದ್ರೆ ಆ ಅಧ್ಯಾಯಾನೇ ಬೇರೆ ಥರ ಕಾಣುತ್ತೆ.

ನಂಗೆ ಜಾಸ್ತಿ ಹಿಡಿಸಿದ್ದು ಅಮೆರಿಕದ ಆಸ್ಟಿನ್ ಊರಿನ ಭಾಗ. ಅಲ್ಲಿ ಕಾಂಗ್ರೆಸ್ ಅವೆನ್ಯೂ ಸೇತುವೆ ಕೆಳಗೆ ಬಾವಲಿ ಬಂದು ಸೇರ್ಕೊಂಡಾಗ ಊರವರು ಹೆದರಿ ಸಾಯಿಸಿಬಿಡಿ ಅಂತಿದ್ರು, ಟಟ್ಲ್ 1986ರಲ್ಲಿ ಅಲ್ಲಿಗೇ ಹೋಗಿ ಕೂತು ಜನರ ಹತ್ರ ಮಾತಾಡಿದ್ರು, ಈಗ ಸುಮಾರು 15 ಲಕ್ಷ ಬಾವಲಿ ಹೊರಡೋದನ್ನ ನೋಡೋಕೆ ದುಡ್ಡು ಖರ್ಚು ಮಾಡ್ಕೊಂಡು ಜನ ಬರ್ತಾರೆ. ಬೈದು ಅಲ್ಲ, ಕೂತು ಹೇಳಿ ಒಪ್ಪಿಸಿದ್ರು, ನಮ್ಮ ಕಡೆನೂ ಆಗ್ಬೇಕಾಗಿರೋದು ಅದೇ. ಆದ್ರೆ ಕಾಯಿಲೆ ವಿಷಯಕ್ಕೆ ಈ ಪುಸ್ತಕ ಒಂದನ್ನೇ ನಂಬ್ಕೊಂಡು ಕೂರ್ಬೇಡಿ. ಇದು ಕೇರಳದ ನಿಪಾಗಿಂತ ಮೊದಲು ಬಂದಿದ್ದು, ಟಟ್ಲ್ ಅವರಿಗೆ ಬಾವಲಿ ಮೇಲಿನ ಪ್ರೀತಿ ಜಾಸ್ತಿ. ನಿಪಾ ವೈರಸ್ ಹಣ್ಣು ತಿನ್ನೋ ಬಾವಲಿಗಳಲ್ಲಿ ಇರುತ್ತೆ ಅನ್ನೋದು ನಿಜ. ಕಚ್ಚಿ ಬಿದ್ದಿರೋ ಪೇರಳೆ, ಮಾವು ಮಕ್ಕಳು ತಿನ್ಬಾರದು, ಬಿದ್ದಿರೋ ಬಾವಲೀನ ಬರಿ ಕೈಯಲ್ಲಿ ಮುಟ್ಬಾರದು, ಕಚ್ಚಿದ್ರೆ ತಕ್ಷಣ ಸೋಪ್ ಹಾಕಿ ತೊಳೆದು ಆಸ್ಪತ್ರೆಗೆ ಹೋಗ್ಬೇಕು. ಇದನ್ನ ಮಕ್ಕಳಿಗೆ ಹೇಳಿಕೊಟ್ಟು ಅದರ ಜೊತೆಗೇ ಪುಸ್ತಕಾನೂ ಕೊಡಿ. ಮರ ಕಡಿದು, ಪಟಾಕಿ ಹೊಡೆದು ಓಡಿಸಿದ್ರೆ ಅವು ಗಾಬರಿಯಾಗಿ ಇನ್ನೊಬ್ಬರ ಮನೆ ಹತ್ರ ಹೋಗಿ ಕೂರ್ತವೆ ಅಷ್ಟೇ.

ನಾಲ್ಕನೇದು ಬೇಟ್ಸ್ ಮತ್ತು ಹ್ಯಾರಿಸನ್ ಅವರ 'ಬ್ಯಾಟ್ಸ್ ಆಫ್ ದಿ ಇಂಡಿಯನ್ ಸಬ್‌ಕಾಂಟಿನೆಂಟ್', 1997. ಇದು ಓದೋ ಪುಸ್ತಕ ಅಲ್ಲ, ತೆಗೆದು ನೋಡೋ ಪುಸ್ತಕ, ತಲೆಬುರುಡೆ ಚಿತ್ರ, ಯಾವ ಜಾತಿ ಎಲ್ಲೆಲ್ಲಿ ಸಿಗುತ್ತೆ ಅನ್ನೋ ನಕ್ಷೆ ಇದೆ. ಮನೆಗೆ ಬೇಡ, ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜಲ್ಲಿ ಓದೋ ಹುಡುಗರಿಗೆ ಉಪಯೋಗ.

ಇಷ್ಟೂ ಓದಿದ್ಮೇಲೆ ನಂಗೆ ಉಳಿದಿರೋ ಒಂದೇ ಕೊರಗು, ನಮ್ಮ ಬಾವಲಿಗಳನ್ನ ಹೀಗೆ ಹೇಳೋ ಕನ್ನಡ ಪುಸ್ತಕ ಮಕ್ಕಳ ಕೈಗೆ ಸಿಗ್ಬೇಕು. ಪ್ರಪಂಚದಲ್ಲಿ 1,400ಕ್ಕೂ ಹೆಚ್ಚು ಜಾತಿ ಬಾವಲಿ ಇದೆ, ಅದರಲ್ಲಿ ಒಂದು ಕೋಲಾರ ಜಿಲ್ಲೆಯ ಹನುಮನಹಳ್ಳಿ ಗುಹೇಲಿ ಮಾತ್ರ ಉಳಿದಿದೆ, ಇನ್ನೊಂದನ್ನ ಮೊದಲು ಕಂಡಿದ್ದೇ ಬೆಳಗಾವಿ ಕಡೆ ಬಾರಾಪೆಡೆ ಗುಹೇಲಿ. ಬೈನೆ ಮರದ ಗೊನೆ ಒಳಗಿನ ಎಳೆಗಳನ್ನ ಕಚ್ಚಿ ಕಚ್ಚಿ ಕತ್ತರಿಸಿ ಡೇರೆ ಥರ ಜಾಗ ಮಾಡ್ಕೊಳ್ಳೋ ಗಿಡ್ಡ ಮೂತಿ ಬಾವಲಿ ಇದೆ, ಬೈನೆ ಮರ ಇಲ್ಲಿ ಎಷ್ಟು ತೋಟದಲ್ಲಿಲ್ಲ ಹೇಳಿ! ದೇವರಕಾಡಲ್ಲಿ ಹಣ್ಣು ತಿಂದು ಬೀಜ ದೂರ ದೂರ ಬಿಸಾಕಿ ಮರ ಹುಟ್ಟಿಸೋದೂ ಇವೇ. ಹಣ್ಣು ತಿನ್ನೋ ಇಂಥ ಬಾವಲಿಗಳನ್ನ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೇಲಿ ಇಲಿ, ಕಾಗೆ ಜೊತೆ ಉಪದ್ರವದ ಪಟ್ಟಿಗೆ ಹಾಕಿ, 2022ರ ತಿದ್ದುಪಡಿ ಬರೋ ತನಕ ಅಲ್ಲೇ ಇಟ್ಟಿದ್ರು. ನಿಕೋಲಾ ಡೇವಿಸ್ ಒಂದು ಇಂಗ್ಲೆಂಡ್ ಬಾವಲಿಗೆ ಮಾಡಿದ್ದನ್ನ ಯಾರಾದ್ರೂ ಈ ಬೈನೆ ಮರದ ಬಾವಲಿಗೆ ಮಾಡಿದ್ರೆ ಅಂಗನವಾಡಿಗಳಿಗೆ ಹಂಚೋಕೆ ನಾನೇ ದುಡ್ಡು ಹಾಕ್ತೀನಿ.

ತಗೋಳೋರಿಗೆ: ನಾಲ್ಕರಿಂದ ಎಂಟು ವರ್ಷದವರಿಗೆ ಮೊದಲೆರಡು ಪುಸ್ತಕ, ಹದಿನಾಲ್ಕು ದಾಟಿದವರಿಗೆ ಟಟ್ಲ್. ಎಲ್ಲಾ ಆನ್‌ಲೈನ್‌ನಲ್ಲೇ ತರಿಸ್ಬೇಕಾಗುತ್ತೆ, ಹೊರದೇಶದ ಪ್ರತಿ ಆದ್ರೆ ರೇಟ್ ಜಾಸ್ತಿ, ಪೇಪರ್‌ಬ್ಯಾಕ್ ಸಾಕು. ಜೂನ್‌ನಿಂದ ಆಗಸ್ಟ್ ತನಕ ಆರ್ಡರ್ ಮಾಡ್ಬೇಡಿ, ನನ್ನ ಸ್ಟೆಲ್ಲಲೂನಾ ಮಳೇಲಿ ನೆಂದು ಪುಟಗಳು ಅಂಟ್ಕೊಂಡು ಬಂದಿತ್ತು, ಬದಲಿ ಪ್ರತಿ ಬರೋಕೆ ತುಂಬಾ ದಿನ ಕಾಯ್ಬೇಕಾಯ್ತು.